ಬಾಯಲ್ಲಿ ಮಾಡಿ ತೋರಿಸ್ರಿ

ದಾವಣಗೆರೆ ವಿನೋಬನಗರದ ರಜಾಕ್ ಸಾಬರ ಗ್ಯಾರೇಜಿನ ಮುಂದೆ ವಕೀಲರು, ಡಾಕ್ಟರು, ಜವಳಿ ಅಂಗಡಿಯ ಯಜಮಾನರು ನಡುರಸ್ತೆಯಲ್ಲಿ ನಿಂತು ಬಾಯಲ್ಲಿ ಕಾರಿನ ಸದ್ದು ಮಾಡಿದ್ದನ್ನು ನಾನೇ ಕಂಡಿದ್ದೇನೆ. ಸ್ಟೇರಿಂಗಿನಲ್ಲಿ ಏನೋ ಸದ್ದು ಬರುತ್ತಿದೆ ಎಂದು ಯಾರೇ ಬರಲಿ, ಸಾಬರು ಕಾರು ಮುಟ್ಟುತ್ತಿರಲಿಲ್ಲ. ಎಣ್ಣೆ ಕೈಯನ್ನು ಹಳೇ ಬಟ್ಟೆಗೆ ಒರೆಸಿಕೊಳ್ಳುತ್ತಾ, "ಮೊದ್ಲು ಬಾಯಲ್ಲಿ ಮಾಡಿ ತೋರಿಸ್ರಿ" ಅನ್ನುತ್ತಿದ್ದರು.

ನಾನು ಹರಿಹರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ದಿನಾ ದಾವಣಗೆರೆಯಿಂದ ಹಳೇ ಕಾರಿನಲ್ಲಿ ಹೋಗಿ ಬರುತ್ತೇನೆ. ಮೊದಲ ಸಲ ಅವರ ಹತ್ತಿರ ಹೋದಾಗ ಸುತ್ತ ಗುರುತಿನವರಿದ್ದರು. ಮೆಲ್ಲಗೆ "ಟಕ್" ಅಂದೆ.

"ಗಾಡಿ ಹಿಂಗೆ ನಾಚ್ಕಂಡು ಮಾಡ್ತೈತೇನ್ರಿ ಮೇಷ್ಟ್ರೆ? ಬಾಯಿ ಬಿಟ್ಟು ಮಾಡ್ರಿ."

ಮಾನ ಹೋದರೆ ಹೋಗಲಿ ಎಂದು ಜೋರಾಗಿಯೇ ಮಾಡಿದೆ. ಆಮೇಲೆ ಅವರ ಪ್ರಶ್ನೆ ಶುರು. "ಯಾವಾಗ ಬರ್ತೈತೆ? ನೆಟ್ಟಗೆ ಹೋಗುವಾಗೋ, ತಿರುಗುವಾಗೋ? ಎಡಕ್ಕೋ, ಬಲಕ್ಕೋ?" ಅಷ್ಟು ಕೇಳಿ ಕಾರಿನಡಿ ನುಸುಳಿದರೆ ಕೈ ಸೀದಾ ಸವೆದ ಜಾಯಿಂಟಿಗೇ ಹೋಗುತ್ತಿತ್ತು.

ಹೆಂಡತಿಗೆ ಆಪರೇಷನ್ ಆದ ವರ್ಷ ಶಾಲೆ, ಆಸ್ಪತ್ರೆ, ಮನೆ ಎಂದು ಓಡಾಡಿ ನನಗೆ ಸಾಕುಸಾಕಾಗಿತ್ತು. ಕಾರು ಮತ್ತೆ ಸದ್ದು ಮಾಡತೊಡಗಿತು. ಸರಿಯಾಗಿ ಕೇಳಿಸಿಕೊಳ್ಳುವ ತಾಳ್ಮೆಯೂ ಇಲ್ಲದೆ ಸಾಬರ ಮುಂದೆ ಹಳೇ "ಟಕ್ ಟಕ್" ಅನ್ನೇ ಒಪ್ಪಿಸಿದೆ. ಒಂದು ಸುತ್ತು ಓಡಿಸಿ ನೋಡುತ್ತೇನೆಂದು ಕಾರು ತೆಗೆದುಕೊಂಡು ಹೋದವರು ನಡೆದುಕೊಂಡು ವಾಪಸ್ ಬಂದರು.

"ಗಾಡಿ ಅಲ್ಲೇ ರಸ್ತೆ ಬದಿಗೆ ನಿಲ್ಸಿ ಬಂದೀನಿ. ನೀವು ಮಾಡಿದ್ದು ಹೋದ್ಸಲದ ಸದ್ದು, ಈಗ ಬರ್ತಿರೋದೇ ಬ್ಯಾರೆ. ಇವತ್ತು ಹರಿಹರಕ್ಕೆ ಹೋಗಿದ್ರೆ ದಾರ್ಯಾಗೆ ಚಕ್ರ ಸ್ಟೇರಿಂಗಿನ ಮಾತು ಕೇಳ್ತಿರ್ಲಿಲ್ಲ." ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಇರ್ಲಿ ಬಿಡ್ರಿ. ದಣಿದೋರ ಕಿವಿಗೆ ಎಲ್ಲಾ ಸದ್ದೂ ಒಂದೇ."

ಆ ಮಾತಿಗೆ ನನಗೆ ಅಲ್ಲೇ ಅಳು ಬಂತು.

ಕಳೆದ ವರ್ಷ ಸಾಬರಿಗೆ ಲಕ್ವ ಹೊಡೆಯಿತು. ನೋಡಲು ಆವರಗೆರೆಯ ಮನೆಗೆ ಹೋದೆ. ಮಾತು ನಿಂತುಹೋಗಿತ್ತು. ನನ್ನನ್ನು ಕಂಡು "ಗೊ... ಗೊ..." ಅಂದರು. ಅವರ ಹೆಂಡತಿ ಬಾನುಬಿ ಗೋಡೆಗೆ ಒರಗಿ ಕೂತಿದ್ದರು.

"ಎರಡು ದಿನದಿಂದ ಹಿಂಗೇ ಸರ್. ನೀರೂ ಬ್ಯಾಡ, ಗಂಜಿನೂ ಬ್ಯಾಡ. ಏನು ಬೇಕೋ ತಿಳಿವಲ್ದು. ನಂಗೆ ಎಲ್ಲಾ ಒಂದೇ ಥರ ಕೇಳ್ತೈತೆ."

ಆ ಹೆಂಗಸು ಎಷ್ಟು ದಿನದಿಂದ ನಿದ್ದೆ ಮಾಡಿರಲಿಲ್ಲವೋ. ನಾನು ಹಾಸಿಗೆಯ ಪಕ್ಕ ಕೂತು ಸಾಬರದೇ ಪ್ರಶ್ನೆಯನ್ನು ಅವರಿಗೇ ಹಾಕಿದೆ.

"ಯಾವಾಗ ಸಾಬ್ರೆ? ಸುಮ್ನೆ ಮಲಗಿದಾಗೋ?" ಕಣ್ಣು ನನ್ನನ್ನೇ ನೋಡುತ್ತಿತ್ತು. "ಹೊರಳಿಸುವಾಗೋ?"

ಗಟ್ಟಿಯಾಗಿ ಕಣ್ಣು ಮುಚ್ಚಿ ತೆರೆದರು.

"ಬಲಕ್ಕೋ?" ಕಣ್ಣು ಮುಚ್ಚಲಿಲ್ಲ. "ಎಡಕ್ಕೋ?"

ಮತ್ತೆ ಕಣ್ಣು ಮುಚ್ಚಿದರು. ಬಾನುಬಿ, ನಾನು ಸೇರಿ ಮೆಲ್ಲಗೆ ಬಲಕ್ಕೆ ಮಗ್ಗುಲಾಗಿಸಿದೆವು. ಎಡ ಸೊಂಟದ ಕೆಳಗೆ ಅಂಗೈಯಗಲ ಹಾಸಿಗೆ ಹುಣ್ಣು ಕೆಂಪಗೆ ಕಂಡಿತು. ಬಾನುಬಿ ಸೆರಗು ಬಾಯಿಗೊತ್ತಿಕೊಂಡರು. ಸಾಬರ "ಗೊ ಗೊ" ನಿಂತಿತು.

ಅವರು ತೀರಿಕೊಂಡು ಆರು ತಿಂಗಳಾಯಿತು. ಮೊನ್ನೆ ಕಾರು ಎಡಕ್ಕೆ ತಿರುಗುವಾಗ ಮತ್ತೆ ಸದ್ದು ಮಾಡಿತು. ಹೊಸ ಗ್ಯಾರೇಜಿಗೆ ಹೋದೆ. ಅಲ್ಲಿಯವನು ಕೀ ಇಸಿದುಕೊಂಡು, "ಸಂಜಿಗೆ ಬರ್ರಿ ಸರ್" ಎಂದು ಒಳಗೆ ಹೋದ. ಸದ್ದು ಮಾಡಿ ತೋರಿಸಲು ತೆರೆದಿದ್ದ ಬಾಯನ್ನು ಹಾಗೇ ಮುಚ್ಚಿಕೊಂಡು ಬಸ್ಸಿಗೆ ನಡೆದೆ.