ಒಂದು ಹಿಡಿ ಕೊಸರು

ಇಂಗ್ಲೆಂಡಿನಲ್ಲಿ ಎಂಬಿಎ ಓದಿದ ಒಂದು ವರ್ಷದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಅಂಕ ತಂದುಕೊಟ್ಟದ್ದು ಹದಿನಾಲ್ಕು ಪುಟದ ಒಂದು ವರದಿ. ಅದು ಈಗಲೂ ನನ್ನ ಬೀರುವಿನಲ್ಲಿದೆ. ಮೊದಲ ಪುಟದ ಮೇಲೆ ಪ್ರೊಫೆಸರರು ಕೆಂಪು ಶಾಯಿಯಲ್ಲಿ ಬರೆದ ಮೆಚ್ಚುಗೆ ಇದೆ, ಪಕ್ಕದಲ್ಲೇ ಅಪ್ಪ ಹಚ್ಚಿದ ಅರಿಶಿನ ಕುಂಕುಮ ಇದೆ. ನನ್ನ ಕೈಯಿಂದ ಅಷ್ಟು ಕೆಟ್ಟ ಕೆಲಸ ಮತ್ತೊಂದು ಆಗಿಲ್ಲ.

ವಿಜಯನಗರದ ನಮ್ಮ ಮನೆಯ ಹಿತ್ತಲಲ್ಲಿ ಶೀಟು ಹೊದಿಸಿದ ಒಂದು ಶೆಡ್ಡಿತ್ತು. ಅಪ್ಪ ಅಲ್ಲಿ ಊದುಬತ್ತಿ ಮಾಡಿಸುತ್ತಿದ್ದ. ಅಮ್ಮ ನೆಂಟರ ಮುಂದೆ ಅದನ್ನು ಫ್ಯಾಕ್ಟರಿ ಎನ್ನುತ್ತಿದ್ದಳು, ಆದರೆ ಅಲ್ಲಿ ಕೂತು ಕೆಲಸ ಮಾಡುವವರು ಒಬ್ಬರೂ ಇರಲಿಲ್ಲ. ಸುತ್ತಲಿನ ಬೀದಿಗಳ ಹೆಂಗಸರು ಸೋಮವಾರ ಬಂದು ಬಿದಿರು ಕಡ್ಡಿಯನ್ನೂ ಇದ್ದಿಲಿಗೆ ಅಂಟಲೆಂದು ಜಿಗಟು ಬೆರೆಸಿದ ಪುಡಿಯನ್ನೂ ಒಯ್ಯುತ್ತಿದ್ದರು. ಅಡುಗೆ, ಮಕ್ಕಳು, ನಲ್ಲಿ ನೀರು ಇವೆಲ್ಲದರ ನಡುವೆ ಮಣೆ ಹಾಕಿಕೊಂಡು ಹೊಸೆದು, ನೆರಳಲ್ಲಿ ಒಣಗಿಸಿ, ಶನಿವಾರ ಕಟ್ಟು ಕಟ್ಟಿ ತಂದುಕೊಡುತ್ತಿದ್ದರು. ಆಮೇಲೆ ಅದನ್ನು ಸುಗಂಧದಲ್ಲಿ ಅದ್ದುವುದು ಮಾತ್ರ ಅಪ್ಪನ ಕೆಲಸ. ಅದನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಪುಡಿಯನ್ನು ಸೇರಿನಲ್ಲಿ ಅಳೆದು ಹಾಕಿದ ಮೇಲೆ ಅಪ್ಪನ ಕೈ ತಾನಾಗಿಯೇ ಮತ್ತೆ ಚೀಲಕ್ಕೆ ಹೋಗುತ್ತಿತ್ತು. ಒಂದು ಹಿಡಿ ಪುಡಿ, ಒಂದಿಷ್ಟು ಕಡ್ಡಿ ಮೇಲಕ್ಕೆ. ಸೊಪ್ಪಿನವಳು ಕೊನೆಗೆ ನಾಲ್ಕು ಎಸಳು ಕರಿಬೇವು ಹಾಕುವುದಿಲ್ಲವೇ, ಹಾಗೆ. ಅದು ಕೊಸರು. ಮಗು ಬುಟ್ಟಿ ಕವುಚಿದರೆ, ಮಳೆಗೆ ಒಂದು ಕಟ್ಟು ನೆನೆದರೆ ಕೊಸರು ಆ ನಷ್ಟವನ್ನು ತುಂಬುತ್ತಿತ್ತು. ಏನೂ ಆಗದೆ ಉಳಿದರೆ ಅದು ಅವರದೇ. ದೇವರಿಗೆ ಹಚ್ಚಿಕೊಳ್ಳಲಿ, ಪಕ್ಕದ ಮನೆಗೆ ಕೊಡಲಿ, ಅಪ್ಪ ಕೇಳಿದವನಲ್ಲ. ಹಾಗಾಗಿ ಶನಿವಾರದ ಕಟ್ಟುಗಳಲ್ಲಿ ಎಂದೂ ಕೊರತೆ ಬಿದ್ದದ್ದಿಲ್ಲ, ಜಗಳವೂ ಆದದ್ದಿಲ್ಲ.

ಆ ಹೆಂಗಸರಲ್ಲಿ ಎಲ್ಲರಿಗಿಂತ ಹಳಬಳನ್ನು ನಾವು ಬಿನ್ನಿಪೇಟೆಯಮ್ಮ ಎನ್ನುತ್ತಿದ್ದೆವು. ಗಂಡ ಅಲ್ಲಿನ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದು ತೀರಿಕೊಂಡಿದ್ದ. ಬಿನ್ನಿಪೇಟೆಯಿಂದ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದೇ ಬರುತ್ತಿದ್ದಳು. ಬಸ್ಸು ಹತ್ತಿದರೆ ಕಡ್ಡಿ ಮುರಿಯುತ್ತದೆ ಎನ್ನುವುದು ಅವಳ ವಾದ. ಅಮ್ಮ ಬಾಣಂತಿಯಾಗಿ ಹಾಸಿಗೆ ಹಿಡಿದಿದ್ದಾಗ ನನ್ನನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದವಳು ಅವಳೇ ಅಂತೆ. ನಾನು ಅವಳನ್ನು ಅಜ್ಜಿ ಎನ್ನುತ್ತಿದ್ದೆ. ಅವಳ ಅಂಗೈ ಇದ್ದಿಲಿಗೆ ಕಪ್ಪಾಗಿತ್ತು, ಎಷ್ಟು ತೊಳೆದರೂ ಗೆರೆಗಳಲ್ಲಿ ಆ ಕಪ್ಪು ಹಾಗೇ ಇರುತ್ತಿತ್ತು.

ನನಗೆ ವಿದ್ಯಾರ್ಥಿವೇತನ ಸಿಕ್ಕಿ ಹೊರಟ ದಿನ ಬೀದಿಯವರೆಲ್ಲ ಒಂದೊಂದು ಉಪದೇಶ ಕೊಟ್ಟರು. ಬಿನ್ನಿಪೇಟೆಯಮ್ಮ ಉಪದೇಶ ಕೊಡಲಿಲ್ಲ. ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಬಿಗಿದ ಒಂದು ದಪ್ಪ ಕಟ್ಟು ಊದುಬತ್ತಿ ಕೊಟ್ಟಳು. ಶೆಡ್ಡಿನಿಂದಲೇ ತಂದುಕೊಟ್ಟಿರಬೇಕು ಎಂದುಕೊಂಡೆ. ನಮ್ಮದನ್ನೇ ನಮಗೆ ಕೊಡುತ್ತಾಳಲ್ಲ ಎಂದು ಒಳಗೊಳಗೇ ನಕ್ಕಿದ್ದೂ ನೆನಪಿದೆ.

ನಾನು ಓದಲು ಹೋದದ್ದು ಇಂಗ್ಲೆಂಡಿನ ಉತ್ತರದ ಒಂದು ಊರಿಗೆ. ಅಲ್ಲಿಯೂ ಬಟ್ಟೆ ಗಿರಣಿಗಳಿದ್ದವು, ಬಾಗಿಲು ಮುಚ್ಚಿ, ಚಿಮಣಿ ಮಾತ್ರ ನಿಂತಿದ್ದವು. ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಚಳಿಗಾಲ. ತರಗತಿಯಲ್ಲಿ ಇಂಗ್ಲಿಷ್ ಹುಡುಗರು ಬಾಯಿ ತೆರೆದರೆ ನನ್ನ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಬೆಂಗಳೂರಿನಲ್ಲಿ ಮೊದಲ ದರ್ಜೆ ಪಡೆದವನು ಅಲ್ಲಿ ಕೊನೆಯ ಬೆಂಚಿಗೆ ಬಿದ್ದಿದ್ದೆ. ಮೊದಲ ಟರ್ಮಿನಲ್ಲಿ ಒಂದು ವಿಷಯದಲ್ಲಿ ಫೇಲಾದೆ. ಇನ್ನೊಂದರಲ್ಲಿ ಹೋದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ ಎಂದು ಆಫೀಸಿನಿಂದ ಕಾಗದ ಬಂತು. ಮನೆಗೆ ಮಾತ್ರ ಎಲ್ಲ ಚೆನ್ನಾಗಿದೆ ಎಂದೇ ಬರೆಯುತ್ತಿದ್ದೆ.

ಅಷ್ಟರಲ್ಲಿ ಹೊರದೇಶದ ವಿದ್ಯಾರ್ಥಿಗಳು ತಮ್ಮ ದೇಶದ ಒಂದು ಉದ್ಯಮವನ್ನು ಪರೀಕ್ಷಿಸಿ ವರದಿ ಬರೆಯಬೇಕೆಂದು ಪ್ರೊಫೆಸರರು ಹೇಳಿದರು. ನನಗೆ ಒಳಹೊಕ್ಕು ಗೊತ್ತಿದ್ದ ಉದ್ಯಮ ಒಂದೇ. ರೂಮಿನಲ್ಲಿ ಹೀಟರು ಹಚ್ಚಿ, ಮನೆಯ ನೆನಪು ಬರಲೆಂದು ಬಿನ್ನಿಪೇಟೆಯಮ್ಮ ಕೊಟ್ಟ ಒಂದು ಊದುಬತ್ತಿಯನ್ನೂ ಹಚ್ಚಿ ಬರೆಯಲು ಕೂತೆ. ಕೆಲಸಗಾರರು ಮಾಲು ಮನೆಗೆ ಒಯ್ಯುವುದು ತಪ್ಪು, ಒಂದೇ ಸೂರಿನಡಿ ಗಡಿಯಾರದ ಪ್ರಕಾರ ಕೂರಿಸಬೇಕು ಎಂದು ಬರೆದೆ. ಕೊಟ್ಟದ್ದನ್ನೂ ಬಂದದ್ದನ್ನೂ ತೂಗಬೇಕು ಎಂದೆ. ಯಾರಲ್ಲಿ ಕೊರತೆ ಬಿದ್ದಿದೆಯೋ ಅವರ ಹೆಸರನ್ನು ಎಲ್ಲರಿಗೂ ಕಾಣುವಂತೆ ಹಲಗೆಯ ಮೇಲೆ ಬರೆಯಬೇಕು ಎಂದೆ. ಕೊಸರಿಗೆ ಇಂಗ್ಲಿಷಿನಲ್ಲಿ ಹೆಸರು ಸಿಗಲಿಲ್ಲ. ಸೋರಿಕೆ ಎಂದು ಬರೆದು, ಕೂಡಲೇ ನಿಲ್ಲಿಸತಕ್ಕದ್ದು ಎಂದು ಸೇರಿಸಿದೆ.

ಭಾವನೆಗಳನ್ನು ಬದಿಗಿಟ್ಟು ಬರೆದಿದ್ದೀರಿ ಎಂದು ಪ್ರೊಫೆಸರರು ಹೊಗಳಿದರು. ತರಗತಿಯಲ್ಲಿ ನನ್ನದನ್ನೇ ಓದಿಸಿದರು. ನನ್ನ ವಿದ್ಯಾರ್ಥಿವೇತನ ಉಳಿಯಿತು. ಆ ಹಿಗ್ಗಿನಲ್ಲಿ ವರದಿಯನ್ನೇ ಕವರಿಗೆ ಹಾಕಿ ಮನೆಗೆ ಕಳಿಸಿದೆ. ಕೆಂಪು ಶಾಯಿಯನ್ನು ಅಪ್ಪ ನೋಡಲಿ ಎಂಬುದಷ್ಟೇ ನನ್ನ ಆಸೆ. ಇದು ಪರೀಕ್ಷೆಗೆ ಬರೆದದ್ದು ಎಂದು ಒಂದು ಸಾಲು ಜೊತೆಗಿಡಲಿಲ್ಲ.

ಅಪ್ಪ ಕನ್ನಡ ನಾಲ್ಕನೇ ಕ್ಲಾಸು. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಮೂರು ಸಂಜೆ ಕೂತು ಅದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರಂತೆ. ಮಗ ಸಮುದ್ರ ದಾಟಿ ಹೋಗಿ ಕಲಿತು, ತನ್ನ ಶೆಡ್ಡಿಗೆಂದೇ ಬರೆದು ಕಳಿಸಿದ್ದಾನೆ ಎಂದು ಅಪ್ಪ ತಿಳಿದ. ಅದನ್ನು ದೇವರ ಗೂಡಿನಲ್ಲಿಟ್ಟು ಪೂಜೆ ಮಾಡಿದ. ಯುಗಾದಿ ಕಳೆದ ಮೇಲೆ ಅವನಿಂದ ಕಾಗದ ಬಂತು. ನೀನು ಬರೆದ ಪ್ರಕಾರ ಎಲ್ಲ ಮಾಡಿದ್ದೇನೆ, ತಕ್ಕಡಿ ತಂದಾಯಿತು, ಹಲಗೆ ನೇತುಹಾಕಿಯಾಯಿತು, ಕೊಸರು ನಿಲ್ಲಿಸಿದ್ದೇನೆ, ಕೈಗೆ ರೂಢಿಯಾಗಿಬಿಟ್ಟಿದ್ದರಿಂದ ಮೊದಮೊದಲು ಕಷ್ಟವಾಯಿತು ಎಂದಿತ್ತು.

ಬೇಡ ಅಪ್ಪ, ಅದು ಬರೀ ಕ್ಲಾಸಿನ ಬರಹ ಎಂದು ಅಂದೇ ಬರೆಯಬಹುದಿತ್ತು. ಹತ್ತು ದಿನದಲ್ಲಿ ತಲುಪುತ್ತಿತ್ತು. ನಾನು ಬರೆಯಲಿಲ್ಲ. ಬದಲಿಗೆ ಆ ಕಾಗದವನ್ನು ಮಲೇಷಿಯಾದ ಗೆಳೆಯನಿಗೆ ತೋರಿಸಿ, ನನ್ನ ವರದಿ ಆಗಲೇ ಜಾರಿಗೆ ಬಂದಿದೆ ಎಂದು ಜಂಬ ಕೊಚ್ಚಿಕೊಂಡೆ. ಎರಡಕ್ಷರ ಹೆಚ್ಚು ಕಲಿತವನ ಅಹಂಕಾರ ಎಂದರೆ ಇದೇ.

ಓದು ಮುಗಿಸಿ ಊರಿಗೆ ಬಂದಾಗ ನವರಾತ್ರಿ ಹತ್ತಿರವಿತ್ತು. ಹಿಂದೆಲ್ಲ ಆ ದಿನಗಳಲ್ಲಿ ಕಟ್ಟುಗಳು ತುಂಬಿ ಶೆಡ್ಡಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಈಗ ನಾಲ್ಕು ಹೆಂಗಸರು ಗೋಡೆಗೆ ಮುಖ ಮಾಡಿ ಕೂತಿದ್ದರು, ಅವರ ತಲೆಯ ಮೇಲೆ ಗಡಿಯಾರ. ಮನೆ ಬಿಟ್ಟು ಬರಲಾಗದ ಉಳಿದವರು ಬೇರೆ ಕಡೆ ಕೆಲಸ ಹಿಡಿದಿದ್ದರು. ಬಿನ್ನಿಪೇಟೆಯಮ್ಮ ಎಲ್ಲಿ ಎಂದು ಕೇಳಿದೆ. ಅಪ್ಪ ಸುಗಂಧದ ಡಬ್ಬಿ ಮುಚ್ಚುವ ನೆಪದಲ್ಲಿ ಒಳಗೆ ಹೋದ. ಹೇಳಿದವಳು ಅಮ್ಮ.

ವಯಸ್ಸಾದವಳೆಂದು ಅವಳೊಬ್ಬಳಿಗೆ ಅಪ್ಪ ಮಾಲು ಮನೆಗೆ ಕೊಡುತ್ತಲೇ ಇದ್ದನಂತೆ, ತೂಗಿ ಕೊಡುತ್ತಿದ್ದ, ಕೊಸರಿಲ್ಲದೆ. ಮುಂಗಾರಿನ ಮೊದಲ ಮಳೆಗೆ ಅವಳ ಮನೆ ಸೋರಿ ಎರಡು ಕಟ್ಟು ಹಾಳಾಯಿತು. ಶನಿವಾರ ತಕ್ಕಡಿಯಲ್ಲಿ ಅವಳ ಕಟ್ಟುಗಳ ತಟ್ಟೆ ಮೇಲೆದ್ದಿತು. ಅಪ್ಪ ಮತ್ತೊಮ್ಮೆ ತೂಗಿ ನೋಡಿ, ಕೊನೆಗೆ ಶನಿವಾರದ ಲೆಕ್ಕಕ್ಕೆ ಬಂದು ಕೂರುತ್ತಿದ್ದ ಮೇಷ್ಟ್ರಿಗೆ ಬರೆಯಲು ಸನ್ನೆ ಮಾಡಿದ. ಹಲಗೆಯ ಮೇಲೆ ಬಿದ್ದ ಮೊದಲ ಹೆಸರು ಅವಳದೇ. ಅವಳಿಗೆ ಓದು ಬಾರದು. ಏನು ಬರೆದಿದ್ದಾರೆ ಎಂದು ಪಕ್ಕದವಳನ್ನು ಕೇಳಿದಳು. ಪಕ್ಕದವಳು ಓದಿ ಹೇಳಿದಳು. ಬಿನ್ನಿಪೇಟೆಯಮ್ಮ ಸೆರಗಿನ ತುದಿ ಬಿಚ್ಚಿ, ಬುಟ್ಟಿ ಕವುಚಿ, ಏನೂ ಇಲ್ಲವೆಂದು ಎಲ್ಲರಿಗೂ ತೋರಿಸಿ ಹೊರಟುಹೋದಳು.

ಮಾರನೆಯ ದಿನವೇ ಹುಡುಕಿಕೊಂಡು ಹೋದೆ. ಗಿರಣಿ ಗೋಡೆಯ ಹಿಂದಿನ ವಠಾರದಲ್ಲಿ ಬಾಗಿಲಲ್ಲೇ ಕೂತು ಹೂ ಕಟ್ಟುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಬೆರಳಲ್ಲೇ ಮೊಗ್ಗು ಮುಟ್ಟಿ ಮುಟ್ಟಿ ಜೋಡಿಸುತ್ತಿದ್ದಳು. ನನ್ನ ದನಿ ಕೇಳಿ ಹೂವನ್ನು ಬದಿಗಿಟ್ಟು ನನ್ನ ಮುಖ ಸವರಿದಳು. ಅಂಗೈಯ ಕಪ್ಪು ಹೊರಟುಹೋಗಿತ್ತು. ಅದನ್ನು ನೋಡಿ ನನಗೆ ಅಳು ಬಂತು. ತಣ್ಣನೆಯ ದೇಶದಲ್ಲಿ ಸೊರಗಿದ್ದೀಯ ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು.

"ನಾನು ಕೊಟ್ಟಿದ್ ಕಡ್ಡಿ ಅಲ್ಲಿ ಹಚ್ಚಿದ್ಯೇನಪ್ಪ?" ಎಂದು ಕೇಳಿದಳು.

ಹಚ್ಚಿದೆ ಎಂದೆ.

"ಅದು ಕೊಸರಿಂದು ಕಣಪ್ಪ. ವಾರ ವಾರ ಒಂದಿಷ್ಟು ಎತ್ತಿಟ್ಟು ಹೊಸೆದಿದ್ದೆ. ಪೂರಾ ನಂದೇ ಅಂತ ನಿಂಗೆ ಕೊಡಕ್ಕೆ ನನ್ನತ್ರ ಇನ್ನೇನಿತ್ತು?"

ಆಗಲೇ ಹೇಳಬೇಕಿತ್ತು. ಆ ಹಲಗೆ ನನ್ನದು, ಆ ತಕ್ಕಡಿ ನನ್ನದು ಎಂದು ಹೇಳಲೆಂದೇ ಅಷ್ಟು ದೂರ ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವಳೇ ಮತ್ತೆ ಮಾತಾಡಿದಳು.

"ಯಾರೋ ನಿಮ್ಮಪ್ಪನ ತಲೆ ಕೆಡ್ಸವ್ರೆ. ಇಲ್ದಿದ್ರೆ ಅಂಥಾ ಮನ್ಷ ಅಲ್ಲ. ನೀನೊಬ್ಬ ಇಲ್ಲಿದ್ದಿದ್ರೆ ಹಿಂಗಾಗಕ್ಕೆ ಬಿಡ್ತಿರ್ಲಿಲ್ಲ."

"ಹೌದಜ್ಜಿ" ಎಂದೆ.

ಮನೆಗೆ ಬಂದು, ಅದು ಬರೀ ಪರೀಕ್ಷೆಗೆ ಬರೆದದ್ದೆಂದು ಅಪ್ಪನಿಗೆ ಹೇಳಿದ ಮೇಲೆ ಹಲಗೆ ಇಳಿಯಿತು, ತಕ್ಕಡಿ ಅಟ್ಟಕ್ಕೆ ಹೋಯಿತು, ಕೊಸರು ಮತ್ತೆ ಶುರುವಾಯಿತು. ಕೆಲವರು ವಾಪಸ್ಸು ಬಂದರು. ಬಿನ್ನಿಪೇಟೆಯಮ್ಮ ಬರಲಿಲ್ಲ. ಅಪ್ಪ ತಾನೇ ಹೋಗಿ ಕರೆದ. ಕಣ್ಣು ಕಾಣಲ್ಲ ಯಜಮಾನ್ರೆ ಎಂದು ಕೈಮುಗಿದಳಂತೆ. ಬೆರಳಲ್ಲೇ ಹೂ ಕಟ್ಟುತ್ತಿದ್ದವಳಿಗೆ ಕಡ್ಡಿ ಹೊಸೆಯಲು ಕಣ್ಣು ಬೇಕಿರಲಿಲ್ಲ. ನಾನು ಅವಳ ಮನೆಗೆ ಇನ್ನೆರಡು ಸಲ ಹೋದೆ. ಹಣ್ಣು ತೆಗೆದುಕೊಂಡು ಹೋದೆ, ಸ್ವೆಟರು ತೆಗೆದುಕೊಂಡು ಹೋದೆ. ಹೇಳಬೇಕಾದದ್ದನ್ನು ಎರಡು ಸಲವೂ ಹಾಗೇ ವಾಪಸ್ಸು ತಂದೆ.

ಸಂಕ್ರಾಂತಿ ಆದ ವಾರದಲ್ಲಿ ಅವಳು ತೀರಿಕೊಂಡಳು. ನಾನೂ ಅಪ್ಪನೂ ಹೋದೆವು. ತಲೆಯ ಹತ್ತಿರ ಯಾರೋ ಮೂಲೆ ಅಂಗಡಿಯಿಂದ ತಂದ ಎರಡು ಊದುಬತ್ತಿ ಹಚ್ಚಿದ್ದರು. ಅಪ್ಪ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದ ಕಟ್ಟನ್ನು ಬಿಚ್ಚಿ ಇಡೀ ಕಟ್ಟನ್ನೇ ಹಚ್ಚಿದ. ಹೊಗೆಗೋ ಏನೋ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಹಿಂದಿರುಗುವಾಗ ನಡೆದೇ ಬಂದೆವು. ದಾರಿಯಲ್ಲಿ ನಾನು ಅಪ್ಪನನ್ನು ಕೇಳಿದೆ, ಅವಳಿಗೆ ಆ ವರದಿ ನನ್ನದೆಂದು ಯಾಕೆ ಹೇಳಲಿಲ್ಲ, ಅಷ್ಟು ದಿನ ಆ ತಪ್ಪನ್ನೆಲ್ಲ ನೀನೊಬ್ಬನೇ ಯಾಕೆ ಹೊತ್ತೆ ಎಂದು.

"ನಿನ್ನ ಎತ್ತಿ ಆಡ್ಸಿದ್ ಕೈ ಅದು" ಎಂದ ಅಪ್ಪ. "ನನ್ ಮೇಲಿನ ನಂಬಿಕೆ ಹೆಂಗೂ ಹೋಗಿತ್ತು. ನಿನ್ ಮೇಲಿಂದಾದ್ರೂ ಇರ್ಲಿ ಅಂತ."

ಮಾಗಡಿ ರಸ್ತೆ ದಾಟುವ ಹತ್ತಿರ ಲಾರಿಗಳು ಸಾಲಾಗಿ ಬರುತ್ತಿದ್ದವು. ಅಪ್ಪ ನನ್ನ ಕೈ ಹಿಡಿದುಕೊಂಡು ಅವು ಹೋಗುವವರೆಗೆ ಕಾದ. ಇಂಗ್ಲೆಂಡಿಗೆ ಹೋಗಿ ಓದಿ ಬಂದವನನ್ನು ಹಾಗೆ ಕೈಹಿಡಿದೇ ಆಚೆ ದಾಟಿಸಿದ.