ಒಂದ್ಸಲ ಕೂತು ನೋಡಿ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲ್ವೆ ಗಾರ್ಡ್ ಆಗಿದ್ದವರೊಬ್ಬರು ನಿವೃತ್ತಿಯಾದ ಮೇಲೆ ನಮ್ಮೂರಿಗೆ, ನಮ್ಮ ಎದುರುಮನೆಗೆ ಬಂದರು. ಎಲ್ಲೇ ಕೂರಲಿ, ಮೊದಲು ಕರ್ಚೀಫಿನಿಂದ ಜಾಗ ಒರೆಸಿ ವಾಚು ನೋಡಿಕೊಳ್ಳುತ್ತಿದ್ದರು.

ಗೆಂಡೆಹಳ್ಳಿ ಬಸ್ಸಿಗೆ ಕಾಯುವವರಿಗೆ ನೆರಳಾಗಿದ್ದ ಹೊಂಗೆಮರಗಳನ್ನು ಪುರಸಭೆಯವರು ಕಡಿಸಿ, ಪಾರ್ಕು ಅಂತ ಹೇಳಿ ಬಟಾಬಯಲಿನಲ್ಲಿ ಕರಿಕಲ್ಲಿನ ಬೆಂಚು ಹಾಕಿಸಿದರು. ಎದುರುಮನೆಯ ಇವರು ನೆರಳು ಮಾಡಿಸಿ ಅಂತ ಅರ್ಜಿ ಹಿಡಿದು ಪುರಸಭೆಗೆ ಎಷ್ಟು ಸಲ ಅಲೆದರೋ! ಪ್ರತಿ ಸಲವೂ ಒಂದೇ ಮಾತು: “ಮಧ್ಯಾಹ್ನ ಒಂದ್ಸಲ ಬಂದು ಕೂತು ನೋಡಿ ಸ್ವಾಮಿ.” ಯಾರು ಬರುತ್ತಾರೆ? ನಮ್ಮ ಸದಸ್ಯರು ಬಿಸಿಲು ನೋಡುವುದು ಶಾಮಿಯಾನದ ಕೆಳಗಿನಿಂದ ಮಾತ್ರ.

ಉದ್ಘಾಟನೆಯೂ ಶಾಮಿಯಾನದಲ್ಲೇ ಆಯಿತು. ಹಾರ, ಭಾಷಣ, ಫೋಟೋ ಎಲ್ಲ ಮುಗಿಯುವವರೆಗೂ ಇವರು ಕಾದರು. ಆಮೇಲೆ ಅಧ್ಯಕ್ಷರನ್ನು ಆಚೆಯ ಬೆಂಚಿನ ಹತ್ತಿರ ಕರೆದೊಯ್ದು, ಕರ್ಚೀಫಿನಿಂದ ಒರೆಸಿ, ವಾಚು ನೋಡಿ ಹೇಳಿದರು: “ಒಂದೂವರೆ. ಕೂತ್ಕಳಿ.”

ಕೂತ ಅಧ್ಯಕ್ಷರು ಚಂಗನೆ ಎದ್ದರು. “ಅಯ್ಯಯ್ಯೋ, ಕಾದ ಕಾವಲಿ ಆಗೈತಲ್ರೀ ಇದು!”

ಸದ್ಯ, ಈಗಲಾದರೂ ಅರ್ಥವಾಯಿತಲ್ಲ ಅಂದುಕೊಂಡೆ. ಮುಂದಿನ ಸಭೆಯಲ್ಲಿ ಸರ್ವಾನುಮತದ ಠರಾವಾಯಿತು. ಗೇಟಿಗೆ ಬೀಗ ಬಿತ್ತು, ಬೋರ್ಡೂ ಬಂತು: ‘ಸಾರ್ವಜನಿಕರ ಆರೋಗ್ಯದ ಹಿತದೃಷ್ಟಿಯಿಂದ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಉದ್ಯಾನವನ ಮುಚ್ಚಿರುತ್ತದೆ.’

ನಾನು ಕೂಗಾಡಿದೆ. ಅವರು ಬೋರ್ಡನ್ನು ಎರಡು ಸಲ ಓದಿದರು. ಗೇಟಿನ ಪಕ್ಕದ ಮೋರಿಕಟ್ಟೆಯನ್ನು ಕರ್ಚೀಫಿನಿಂದ ಒರೆಸಿ, ಕೊಡೆ ಬಿಚ್ಚಿ ಹಿಡಿದು, ಬಸ್ಸಿಗೆ ಕಾಯುತ್ತ ಬಿಸಿಲಲ್ಲಿ ನಿಂತಿದ್ದ ಮುದುಕಿಯನ್ನು ಕರೆದರು.

“ಬಾರವ್ವ, ಇಲ್ಲಿ ಕೂತ್ಕೋ. ಇದಕ್ಕಿನ್ನೂ ಠರಾವು ಆಗಿಲ್ಲ.”