ತಕರಾರು ತೆಗೆದ ಚಿತ್ರ

ಮೊದಲ ನೋಟಕ್ಕೆ ಸರಕು ಅಷ್ಟೇನೂ ಕಣ್ಣು ಕುಕ್ಕುವಂಥದಲ್ಲ. ಎತ್ತರ ನನ್ನ ಅಂಗಡಿಯ ಮೇಜಿಗಿಂತ ಸ್ವಲ್ಪ ಜಾಸ್ತಿ. ಮೈಕಟ್ಟು ನೋಡಿದರೆ ಜೋರು ಗಾಳಿಗೆ ಯಾರಾದರೂ ಕೈ ಹಿಡಿದುಕೊಳ್ಳಲಿ ಅನ್ನಿಸುತ್ತದೆ. ಕನ್ನಡಕದ ಒಂದು ಕಡ್ಡಿಗೆ ಟೇಪು ಸುತ್ತಿದೆ. ದನಿಯೊಂದು ಮಾತ್ರ ಹೊಸದರಂತಿದೆ, ಪೂರ್ತಿ ವಾಲ್ಯೂಮಿನಲ್ಲಿ ಕೆಲಸ ಮಾಡುತ್ತದೆ, ಆಫ್ ಮಾಡುವ ಸ್ವಿಚ್ಚು ಕಂಪನಿಯವರೇ ಕೊಟ್ಟಿಲ್ಲ. ಹಳೇ ಟಿವಿ, ಫ್ಯಾನು, ಮಿಕ್ಸಿ ಕೊಂಡು ಮಾರುವ ನನ್ನಂಥವನು ಇಂಥ ಪೀಸನ್ನು ಹಿಂದಿನ ಸಾಲಿನಲ್ಲಿಟ್ಟು ಗಿರಾಕಿ ಕೇಳಿದರೆ ಮಾತ್ರ ತೋರಿಸುತ್ತಾನೆ. ಆದರೆ ಇದು ಮಾರಾಟಕ್ಕಿಲ್ಲ. ಇವಳು ನನ್ನ ತಮ್ಮನ ಮಗಳು, ಒಂಬತ್ತನೇ ಕ್ಲಾಸು. ಶಾಲೆಯ ಹಾಜರಿಯಲ್ಲಿ ಒಳ್ಳೆಯ ಹೆಸರೊಂದಿದೆ. ಮನೆಯಲ್ಲಿ ಎಲ್ಲರೂ ಕರೆಯುವುದು ‘ತಕರಾರು’ ಎಂದೇ.

ಆ ಹೆಸರಿಟ್ಟವಳು ನನ್ನ ಹೆಂಡತಿ. ಮಗು ಮಾತು ಕಲಿತ ಹೊಸದರಲ್ಲಿ ಅದನ್ನು ಎತ್ತಿಕೊಂಡು ಬೀದಿಯಲ್ಲಿ ಹೋಗುತ್ತಿದ್ದಳಂತೆ. “ನೋಡು ಕಂದಾ, ಚಂದಮಾಮ ನಮ್ಮ ಜೊತೇಲೇ ಬರ್ತಿದಾನೆ” ಎಂದಳಂತೆ. ಮಗು ಸ್ವಲ್ಪ ಹೊತ್ತು ಮೇಲೆ ನೋಡಿ, “ಹಂಗಾದ್ರೆ ಆ ಕಡೆ ಹೋಗೋರ ಜೊತೆ ಯಾರು ಹೋಗ್ತಾರೆ ದೊಡ್ಡಮ್ಮಾ?” ಎಂದು ಕೇಳಿತಂತೆ. ಅವತ್ತಿಗೇ ನಾಮಕರಣ ಮುಗಿಯಿತು.

ಈ ತಕರಾರಿಗೆ ಕಳೆದ ವರ್ಷ ಒಂದು ಕೆಲಸ ಸಿಕ್ಕಿತು. ಶಾಲೆಗಳ ನಡುವೆ ಇತಿಹಾಸ ಸ್ಪರ್ಧೆ, ಮಕ್ಕಳೇ ಸಾಕ್ಷ್ಯಚಿತ್ರ ತೆಗೆಯಬೇಕು. ಕ್ಲಾಸಿನವರೆಲ್ಲ ಹಳೇ ಸೇತುವೆ, ಹಳೇ ರೈಲ್ವೆ ಸ್ಟೇಷನ್ನು ಎಂದು ಬರೆದುಕೊಟ್ಟರೆ ಇವಳು ಬರೆದುಕೊಟ್ಟದ್ದು ‘ವಿಡಿಯೋ ಗೇಮ್’ ಎಂದು. ಇತಿಹಾಸದ ಟೀಚರಿಗೆ ನಗು ಬಂತು.

“ಇದು ಇತಿಹಾಸದ ಸ್ಪರ್ಧೆ ಕಣಮ್ಮಾ, ಆಟದ್ದಲ್ಲ.”

“ವಿಡಿಯೋ ಗೇಮು ನಮ್ಮಪ್ಪನಿಗಿಂತ ಹಳೇದು ಮಿಸ್. ಇನ್ನೂ ಎಷ್ಟು ಹಳೇದಾಗ್ಬೇಕು?”

ಟೀಚರು ಒಪ್ಪಿದರು, ಎರಡು ಷರತ್ತು ಹಾಕಿ. ಪ್ರಪಂಚದ ಕಥೆಯೆಲ್ಲ ಬೇಡ, ನಮ್ಮ ಬೀದಿಯದ್ದೇ ಆಗಬೇಕು. ಹೇಳಿದ ಪ್ರತಿ ಮಾತಿಗೂ ಕಣ್ಣಾರೆ ಕಂಡವರ ಆಧಾರ ಇರಬೇಕು. ಎರಡನೇ ಷರತ್ತನ್ನು ಇವಳಿಗೆ ಹಾಕಿದ್ದು ಬೆಂಕಿಗೆ ಸೀಮೆಎಣ್ಣೆ ಕೊಟ್ಟ ಹಾಗೆ ಎಂದು ಪಾಪ ಆ ತಾಯಿಗೆ ಗೊತ್ತಿರಲಿಲ್ಲ.

ಆಧಾರ ಹುಡುಕಿಕೊಂಡು ಅವಳು ನೇರ ಬಂದದ್ದು ನನ್ನ ಅಂಗಡಿಗೆ. ಕಾರಣವಿದೆ. ನಾನು ಬಾಡಿಗೆಗೆ ಹಿಡಿಯುವ ಮುಂಚೆ ಈ ಮಳಿಗೆ ವಿಡಿಯೋ ಗೇಮ್ ಪಾರ್ಲರ್ ಆಗಿತ್ತು. ನಡೆಸುತ್ತಿದ್ದವರು ಮಳಿಗೆಯ ಯಜಮಾನರೇ. ಆಡಲು ಬಂದವರಿಗೆ ತಗಡಿನ ಬಿಲ್ಲೆ ಎಣಿಸಿ ಕೊಡುತ್ತಿದ್ದುದರಿಂದ ಈಗಲೂ ಬೀದಿಗೆಲ್ಲ ಅವರು ‘ಟೋಕನ್ ಅಜ್ಜ’. ಆ ಕಾಲದ ಫೋಟೋ ಒಂದನ್ನು ನಾನು ಗೋಡೆಯಿಂದ ಇಳಿಸದೆ ಹಾಗೇ ಉಳಿಸಿಕೊಂಡಿದ್ದೇನೆ. ಆಳೆತ್ತರದ ಆಟದ ಪೆಟ್ಟಿಗೆ, ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟ ಅಜ್ಜ, ಪರದೆಯ ಮೇಲೆ ಅತಿ ಹೆಚ್ಚು ಅಂಕ ಗಳಿಸಿದವರ ಪಟ್ಟಿ. ಎಲ್ಲರಿಗಿಂತ ಮೇಲೆ ಐವತ್ತು ಸಾವಿರ, ಅದರ ಮುಂದೆ ಇಂಗ್ಲಿಷಿನ ಮೂರು ಎ.

ಆ ಎ ಎ ಎ ನಾನೇ. ಹಾಗೆಂದು ನಾನು ಗಿರಾಕಿಗಳಿಗೆಲ್ಲ ಹೇಳುತ್ತಿದ್ದೆ. ಆಟ ಮುಗಿದ ಮೇಲೆ ಗೆದ್ದವನು ಪೆಟ್ಟಿಗೆಯ ಮುಂದಿನ ಆಟದ ಕೋಲನ್ನು ಅತ್ತಿತ್ತ ತಿರುಗಿಸಿ ತನ್ನ ಹೆಸರಿನ ಮೂರು ಅಕ್ಷರ ಆರಿಸಬೇಕಿತ್ತು. ಹಿಂದೆ ಸಾಲು ನಿಂತವರು ಬೆನ್ನಿಗೆ ಗುದ್ದುತ್ತಿರುವಾಗ ಅಕ್ಷರ ಹುಡುಕುತ್ತ ಕೂರಲು ಯಾರಿಗೆ ಪುರುಸೊತ್ತು? ಬಟನ್ನನ್ನು ಟಪಟಪ ಮೂರು ಸಲ ಒತ್ತಿದರೆ ತಾನಾಗಿಯೇ ಎ ಎ ಎ ಬೀಳುತ್ತಿತ್ತು. ನಾನು ಒತ್ತಿದ್ದು ಹಾಗೇ. ಮಾರನೆಯ ದಿನ ಬಂದು ನೋಡಿದರೆ ಪಟ್ಟಿಯ ನೆತ್ತಿಯಲ್ಲಿ ಎ ಎ ಎ. ಇನ್ನೇನು ಬೇಕು?

ತಕರಾರು ಕೆಟ್ಟುಹೋದ ಟೇಬಲ್ ಫ್ಯಾನಿನ ಕಂಬಕ್ಕೆ ತನ್ನಪ್ಪನ ಮೊಬೈಲನ್ನು ರಬ್ಬರಿನಲ್ಲಿ ಬಿಗಿದು ನನ್ನನ್ನು ಕೂರಿಸಿದಳು. “ದೊಡ್ಡಪ್ಪಾ, ಹೊಟ್ಟೆ ಒಳಗೆಳ್ಕೊಳಿ, ಫ್ರೇಮ್ ತುಂಬ ನೀವೇ ಇದೀರ.” ನಾನು ಎಳೆದುಕೊಂಡು ಹೇಳಿದೆ. ಮೇಲಿನಿಂದ ಹುಳುಗಳ ಹಾಗೆ ಇಳಿದು ಬರುವ ಶತ್ರು ವಿಮಾನಗಳು, ಬೆವರಿನಿಂದ ಜಾರುವ ಕೋಲು, ಹಿಂದೆ ಹೋ ಎನ್ನುವ ಗುಂಪು. ಹೇಳುತ್ತ ಹೇಳುತ್ತ ಹೊಟ್ಟೆ ಸಡಿಲವಾದದ್ದೂ ತಿಳಿಯಲಿಲ್ಲ.

‘ನಮ್ಮ ಬೀದಿಯ ಚಾಂಪಿಯನ್’ ಎಂಬ ಹೆಸರಿನಲ್ಲಿ ಚಿತ್ರ ಸಿದ್ಧವಾಯಿತು. ಶಾಲೆಯಿಂದ ಒಂದೇ ಚಿತ್ರ ಸ್ಪರ್ಧೆಗೆ ಹೋಗುವುದು. ಅವಳದ್ದೇ ಆರಿಸಿದರು. ಸೇತುವೆಯ ಚಿತ್ರ ಎರಡನೆಯದಾಗಿ ಹೊರಗುಳಿಯಿತು. ಪೋಷಕರನ್ನೆಲ್ಲ ಕರೆದು ಶಾಲೆಯ ಹಾಲಿನಲ್ಲಿ ತೋರಿಸಿದರು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಚಪ್ಪಾಳೆ ನಿಲ್ಲುವ ಮುಂಚೆಯೇ ಹಿಂದಿನಿಂದ ನಮ್ಮ ಬೀದಿಯ ಕಟಿಂಗ್ ಶಾಪಿನವನು ಎದ್ದು ನಿಂತ.

“ಏನಣ್ಣಾ ಇದು ಅನ್ಯಾಯ? ಎ ಎ ಎ ನಾನಲ್ವಾ? ಅವತ್ತು ನಾನು ಆಡ್ತಿದ್ರೆ ನೀನು ಪಕ್ಕದಲ್ಲಿ ನಿಂತು ನನ್ನ ಚಪ್ಪಲಿ ಕಾಯ್ತಿದ್ದೆ!”

ಅವನ ಮಾತು ಮುಗಿಯುವಷ್ಟರಲ್ಲಿ ನಮ್ಮ ಬೀದಿಯದೇ ಟೈಲರ್ ಎದ್ದ. ವರ್ಷಗಟ್ಟಲೆ ಅಳತೆ ಹಿಡಿದರೂ ಒಂದು ಮಾತಾಡದ ಮನುಷ್ಯ. “ಇಬ್ರೂ ಕೂತ್ಕೊಳ್ರಪ್ಪಾ. ಮೂರು ಸಲ ಬಟನ್ ಒತ್ತಿದ್ದು ಈ ಬೆರಳು. ದೇವರಾಣೆ.”

ಎಲ್ಲರೂ ನಕ್ಕರು. ನಗದೆ ಇದ್ದವಳು ತಕರಾರು ಒಬ್ಬಳೇ. ಅವಳು ಮೊಬೈಲನ್ನು ಎತ್ತಿ ಇಬ್ಬರನ್ನೂ ಚಿತ್ರೀಕರಿಸುತ್ತಿದ್ದಳು.

ಮರುದಿನ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬಂದವಳೇ ಸ್ಟೂಲು ಹತ್ತಿ ಫೋಟೋ ಇಳಿಸಿದಳು. ನಮ್ಮ ರಿಪೇರಿಯವನ ಭೂತಗನ್ನಡಿ ಕೇಳಿ ತೆಗೆದುಕೊಂಡು ಅಂಗುಲಂಗುಲ ನೋಡಿದಳು.

“ದೊಡ್ಡಪ್ಪಾ, ಅಜ್ಜನ ಕಾಲ ಹತ್ರ ನೆಲ ಒದ್ದೆ ಇದೆ.”

“ಒರೆಸಿರ್ತಾರೆ.”

“ಯಾವಾಗ ಒರೆಸ್ತಾರೆ?”

“ಅಂಗಡಿ ತೆಗೆದ ತಕ್ಷಣ. ಇನ್ಯಾವಾಗ?”

“ಅಂದ್ರೆ ಇನ್ನೂ ಯಾರೂ ಆಡಕ್ಕೆ ಬಂದಿಲ್ಲ. ಅದಿರಲಿ, ಐವತ್ತು ಸಾವಿರ. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಆಡಿ ಗೆದ್ದ ಅಂಕ ಇಷ್ಟು ದುಂಡಗಿರುತ್ತಾ?”

ದುಂಡಗಿನ ಬೆಲೆ ಹೇಳುವವನು ಸರಕನ್ನು ನೋಡದೆಯೇ ಹೇಳುತ್ತಿದ್ದಾನೆ ಎಂಬುದು ನಮ್ಮ ವ್ಯಾಪಾರದಲ್ಲಿ ಮೊದಲು ಕಲಿಯುವ ಪಾಠ. ಅಷ್ಟು ವರ್ಷ ಆ ಅಂಕಿಯ ಕೆಳಗೇ ಕೂತು ವ್ಯಾಪಾರ ಮಾಡಿದವನು ನಾನು.

“ನಿನಗೆ ಊಟ ಜೀರ್ಣ ಆಗಲ್ವಾ, ಒಂದೊಂದಕ್ಕೂ ತಕರಾರು!” ಎಂದು ಗದರಿದೆ. ಅವಳು ಆಗಲೇ ಟೋಕನ್ ಅಜ್ಜನ ಮನೆಯ ದಾರಿ ಹಿಡಿದಿದ್ದಳು.

ಅಜ್ಜನ ಮನೆಯ ಹಿಂದಿನ ಕೋಣೆಯಲ್ಲಿ ಅದೇ ಪೆಟ್ಟಿಗೆ ಇತ್ತು. ತಲೆಯ ಮೇಲೆ ಹಾಸಿಗೆಗಳ ರಾಶಿ, ಕೋಲಿಗೆ ಛತ್ರಿ ನೇತುಹಾಕಿತ್ತು. ಮಾರಬೇಕೆಂದಿದ್ದರೂ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಕೋಣೆಗೆ ಬಾಗಿಲು ಇಟ್ಟದ್ದೇ ಪೆಟ್ಟಿಗೆ ಒಳಗೆ ಬಂದ ಮೇಲೆ. ನಮ್ಮ ರಿಪೇರಿಯವನು ಹಲ್ಲಿ ಮೊಟ್ಟೆ ತೆಗೆದು, ಸುಟ್ಟ ವೈರು ಬದಲಿಸಿ, ಕಳೆದುಹೋದ ಗುಂಡಿಯ ಜಾಗಕ್ಕೆ ಮಿಕ್ಸಿಯದೊಂದು ಗುಂಡಿ ಕೂರಿಸಿದ. ಭಾನುವಾರ ಮಧ್ಯಾಹ್ನ ಸ್ವಿಚ್ಚು ಹಾಕುವುದೆಂದಾಯಿತು. ಮೂವರು ಚಾಂಪಿಯನ್ನರೂ ಬರಲೇಬೇಕೆಂದು ತಕರಾರು ಮನೆಮನೆಗೆ ಹೋಗಿ ಕರೆದು ಬಂದಳು. ನನ್ನ ಹೆಂಡತಿಯನ್ನು ಯಾರೂ ಕರೆಯಲಿಲ್ಲ. ಆದರೂ ಎಲ್ಲರಿಗಿಂತ ಮುಂಚೆ ಬಂದು ಕುರ್ಚಿ ಹಿಡಿದಳು.

ನಾವು ಮೂವರೂ ಅವತ್ತು ಶೇವ್ ಮಾಡಿಕೊಂಡು ಬಂದಿದ್ದೆವು. ಕಟಿಂಗ್ ಶಾಪಿನವನು ಬೆರಳು ಮುರಿದು ಲಟಿಕೆ ತೆಗೆಯುತ್ತಿದ್ದ. ಟೈಲರ್ ಕನ್ನಡಕ ಒರೆಸುತ್ತಿದ್ದ. ತಕರಾರು ಪರದೆಯನ್ನೂ ನಮ್ಮ ಮುಖಗಳನ್ನೂ ಒಟ್ಟಿಗೆ ಹಿಡಿಯುವ ಹಾಗೆ ಫ್ಯಾನಿನ ಕಂಬವನ್ನು ಮೂಲೆಗೆ ಸರಿಸಿ, “ಅಜ್ಜಾ, ಬೆಳಿಗ್ಗೆ ಅಂಗಡಿ ತೆಗೆದಾಗ ಏನೇನು ಮಾಡ್ತಿದ್ರೋ ಅದನ್ನೇ ಮಾಡಿ” ಎಂದಳು.

ಅಜ್ಜ ಪೆಟ್ಟಿಗೆಯ ಧೂಳು ಹೊಡೆದರು. ಬಟ್ಟೆಯಲ್ಲಿ ಗಾಜು ಒರೆಸಿದರು. ಹಿಂದೆ ಕೈ ಹಾಕಿ ಸ್ವಿಚ್ಚು ಒತ್ತಿದರು. ಒಳಗಿನಿಂದ ಸಣ್ಣಗೆ ಕುಂಯ್ ಎಂದಿತು. ಗಾಜಿನ ಮೇಲೆ ಬೂದು ಬೆಳಕು ಹರಡಿ, ನಡುಗಿ, ನಿಂತಿತು. ಯಾರೂ ಬಿಲ್ಲೆ ಹಾಕಿರಲಿಲ್ಲ. ಯಾರೂ ಕೋಲು ಮುಟ್ಟಿರಲಿಲ್ಲ. ಪಟ್ಟಿ ಮೂಡಿತು.

ಎ ಎ ಎ. ಐವತ್ತು ಸಾವಿರ.

ಕಟಿಂಗ್ ಶಾಪಿನವನು ಲಟಿಕೆ ತೆಗೆಯುವುದನ್ನು ಬಿಟ್ಟು ಪರದೆಯ ಹತ್ತಿರಕ್ಕೆ ಬಗ್ಗಿದ.

“ಅದು ದಿನಾ ಹಿಂಗೇ ಬರ್ತಿತ್ತಲ್ಲಾ,” ಎಂದರು ಅಜ್ಜ, ನಮ್ಮ ಮುಖಗಳನ್ನು ನೋಡಿ ಗಾಬರಿಯಾಗಿ. “ರಾತ್ರಿ ಆಫ್ ಮಾಡಿದ್ರೆ ನೀವು ಆಡಿದ್ದೆಲ್ಲ ಅಳಿಸಿ ಹೋಗೋದು. ಬೆಳಿಗ್ಗೆ ಕಂಪನಿಯವರು ತುಂಬಿಸಿ ಕಳಿಸಿದ್ದೇ ಬರೋದು. ನಿಮಗೆ ಗೊತ್ತಿರ್ಲಿಲ್ವಾ?”

“ಯಾಕಜ್ಜಾ ಹೇಳ್ಲಿಲ್ಲ?” ಟೈಲರ್ ಕೇಳಿದ.

“ಯಾರೂ ಕೇಳ್ಲಿಲ್ವಲ್ಲಪ್ಪಾ.”

ಮೊದಲು ನಕ್ಕವಳು ನನ್ನ ಹೆಂಡತಿ. “ಮದುವೆ ಮಾತುಕತೆಯಲ್ಲಿ ‘ಹುಡುಗ ಬೀದಿಗೇ ಚಾಂಪಿಯನ್’ ಅಂದಿದ್ರು ನಿಮ್ಮಮ್ಮ. ಈಗ ನಾನು ಯಾರನ್ನ ಕೇಳ್ಲಿ, ಈ ಪೆಟ್ಟಿಗೆನಾ?” ಕಟಿಂಗ್ ಶಾಪಿನವನು ಗೋಡೆ ಹಿಡಿದುಕೊಂಡು ನಗಲಾರಂಭಿಸಿದ. ನಾನೂ ನಕ್ಕೆ, ಹಲ್ಲು ಕಾಣುವಷ್ಟು ಮಾತ್ರ.

ತಕರಾರು ನಗಲಿಲ್ಲ. ಚಿತ್ರೀಕರಣ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಸಂಕಟ ಶುರುವಾದದ್ದು ಅಲ್ಲಿಂದ. ಸ್ಪರ್ಧೆಗೆ ಚಿತ್ರ ಕೊಡಲು ಉಳಿದದ್ದು ಒಂದೇ ವಾರ. ಟೀಚರಿಗೆ ಹೇಳಿದರೆ ಅವರು ಹಣೆ ಒತ್ತಿಕೊಂಡರಂತೆ. “ಶಾಲೆ ಆರಿಸಿದ್ದು ಚಾಂಪಿಯನ್ ಕಥೇನ. ಚಾಂಪಿಯನ್ನೇ ಇಲ್ಲ ಅಂದ್ರೆ ಇನ್ನೇನು ಉಳೀತು? ಹಾಗೇ ಕೊಟ್ಟುಬಿಡು, ಅಲ್ಲಿ ಯಾರಿಗೆ ಗೊತ್ತಾಗುತ್ತೆ? ಬದಲಾಯಿಸ್ತೀನಿ ಅಂದ್ರೆ ಬದಲಾಯಿಸು. ಸರಿಹೋಗದಿದ್ರೆ ಸೇತುವೆ ಚಿತ್ರ ಕಳಿಸ್ತೀವಿ.”

ಇದನ್ನೆಲ್ಲ ಅವಳು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಕಾಲು ಅಲ್ಲಾಡಿಸದೆ ಹೇಳಿದಳು. ಕಾಲು ಅಲ್ಲಾಡಿಸದೆ ಅವಳು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಆ ಸ್ಪರ್ಧೆಗೆ ಹೋಗಬೇಕೆಂದು ಅವಳು ಎಷ್ಟು ಆಸೆಪಟ್ಟಿದ್ದಳೆಂದು ನನಗೆ ಗೊತ್ತಿತ್ತು. ತನ್ನ ಚಿತ್ರ ದೊಡ್ಡ ಪರದೆಯ ಮೇಲೆ ಬರುವಾಗ ಹಾಕಿಕೊಳ್ಳಲೆಂದು ಕನ್ನಡಕದ ಕಡ್ಡಿ ಬದಲಿಸಲು ಕೂಡ ಹೇಳಿಟ್ಟಿದ್ದಳು.

ನಾನು ವ್ಯಾಪಾರಿ, ಚೌಕಾಸಿಗೆ ಇಳಿದೆ. “ಒಂದು ಕೆಲಸ ಮಾಡು. ನನ್ನ ಮಾತೆಲ್ಲ ಹಂಗೇ ಇರಲಿ. ಮುಂದೆ ಒಂದು ‘ಬಹುಶಃ’ ಹಾಕ್ಬಿಡು.”

“‘ಬಹುಶಃ ಓಡುತ್ತೆ’ ಅಂತ ಹೇಳಿ ನೀವು ಯಾವತ್ತಾದ್ರೂ ಫ್ಯಾನ್ ಮಾರಿದೀರಾ ದೊಡ್ಡಪ್ಪಾ?”

ನಾನು ಮೇಜಿನ ಮೇಲಿದ್ದ ಫ್ಯಾನಿನ ರೆಕ್ಕೆ ಒರೆಸತೊಡಗಿದೆ.

“ನಾನು ಬದಲಾಯಿಸ್ತೀನಿ,” ಎಂದಳು. “ಆದ್ರೆ ಪಟ್ಟಿ ಬಂದಾಗ ನಿಮ್ಮ ಮುಖ ಇದೆಯಲ್ಲಾ, ಅದನ್ನ ಹಾಕ್ಬೇಕು. ನೀವು ಬೇಡ ಅಂದ್ರೆ ಹಾಕಲ್ಲ. ಅದಿಲ್ದೆ ಚಿತ್ರ ನಿಲ್ಲಲ್ಲ. ಹಂಗಾದ್ರೆ ಸೇತುವೆಯವರೇ ಹೋಗ್ಲಿ.”

ಅಂಥ ಗಿರಾಕಿಯನ್ನು ನಾನು ಕಂಡಿಲ್ಲ. ತನಗೆ ಬೇಕಾದ್ದನ್ನು ನನ್ನ ಕೈಗೇ ಕೊಟ್ಟು, ಬೆಲೆ ನೀವೇ ಹೇಳಿ ಎಂಬಂತೆ ಕೂತಳು.

“ಹೊಟ್ಟೆ ಕಾಣ್ಸುತ್ತಾ?” ಎಂದು ಕೇಳಿದೆ.

“ಸ್ವಲ್ಪ.”

“ಹಾಕು.”

ಕಾಲು ಮತ್ತೆ ಅಲ್ಲಾಡಲು ಶುರುವಾಯಿತು.

ಅವಳು ಏನನ್ನೂ ತೆಗೆದುಹಾಕಲಿಲ್ಲ. ನಾನು ಹೊಟ್ಟೆ ಒಳಗೆಳೆದುಕೊಂಡು ಹೇಳಿದ ಕಥೆ, ಶಾಲೆಯ ಹಾಲಿನಲ್ಲಿ ಎದ್ದುನಿಂತ ಇಬ್ಬರು, ಒದ್ದೆ ನೆಲ, ಎಲ್ಲ ಒಂದರ ಹಿಂದೆ ಒಂದು ಇಟ್ಟಳು. ಕೊನೆಗೆ ಅಜ್ಜನ ಕೋಣೆ. ಬೆಳಗಿದ ಪರದೆ, ಮೂರು ಮುಖ. ಟೀಚರು ನೋಡಿದರು. ಮುಗಿದ ಮೇಲೆ ಇನ್ನೊಮ್ಮೆ ಹಾಕು ಎಂದರು. ಸೇತುವೆ ಮನೆಯಲ್ಲೇ ಉಳಿಯಿತು.

ಸ್ಪರ್ಧೆಯ ದಿನ ನಾವೆಲ್ಲ ಹೋಗಿದ್ದೆವು. ದೊಡ್ಡ ಪರದೆಯ ಮೇಲೆ ನನ್ನ ಬೆಪ್ಪು ಮುಖ ನನ್ನ ಅಂಗಡಿಯ ಶಟರಿನಷ್ಟಿತ್ತು. ಜನ ನಕ್ಕರು, ಆಮೇಲೆ ತಾವೇ ಸುಮ್ಮನಾದರು. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಮೈಕು ಹಿಡಿದು ಕೇಳಿದರು, “ಹಾಗಾದರೆ ಈ ಮೂವರೂ ಸುಳ್ಳು ಹೇಳಿದರು ಅಂತಲೋ?”

ಮೈಕಿಗೆ ಕಾಯದೆ ತಕರಾರು ಪೂರ್ತಿ ವಾಲ್ಯೂಮಿನಲ್ಲಿ ಹೇಳಿದಳು.

“ಇಲ್ಲ ಸರ್. ಮೂವರೂ ಬಟನ್ ಒತ್ತಿದ್ದು ನಿಜ, ಎ ಎ ಎ ಕಂಡಿದ್ದೂ ನಿಜ. ಬೀದಿಯಲ್ಲಿ ನಡೆಯೋರಿಗೆಲ್ಲ ಚಂದ್ರ ತಮ್ಮ ಜೊತೆನೇ ಬರ್ತಿದಾನೆ ಅನ್ಸುತ್ತಲ್ಲ, ಹಂಗೆ. ಅಲ್ಲಿ ಆಡಿದ ಎಲ್ರಿಗೂ ತಾನೇ ಗೆದ್ದೆ ಅಂತ ಇಷ್ಟು ವರ್ಷ ಅನ್ನಿಸ್ತು. ನಮ್ಮ ಬೀದಿಯ ವಿಡಿಯೋ ಗೇಮ್ ಇತಿಹಾಸ ಅಂದ್ರೆ ಅದೇ.”

ಹಿರಿಯರು ಮೈಕು ಕೆಳಗಿಟ್ಟು ಕೈ ತಟ್ಟಿದರು. ನನ್ನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು, “ಹೆಸರಿಟ್ಟಿದ್ದು ನಾನು” ಎಂದು ಅಪರಿಚಿತರೊಬ್ಬರಿಗೆ ಹೇಳುತ್ತಿದ್ದಳು.

ಬಂದದ್ದು ಎರಡನೇ ಬಹುಮಾನ. ಮೊದಲನೆಯದು ಯಾವುದೋ ಶಾಲೆಯ ಹಳೇ ಬಾವಿಗೆ ಹೋಯಿತು. ತಕರಾರು ಆ ಬಾವಿಯ ಹುಡುಗಿಯ ಕೈ ಕುಲುಕಿ, “ಆಳ ಎಷ್ಟು ಅಂದ್ರಲ್ಲ, ಅದನ್ನ ಅಳೆದವರು ಯಾರು?” ಎಂದು ಕೇಳುತ್ತಿದ್ದುದನ್ನು ನಾನೇ ಕೇಳಿದೆ.

ಫೋಟೋ ಈಗಲೂ ಅದೇ ಮೊಳೆಯಲ್ಲಿ ತೂಗುತ್ತಿದೆ. ಗಿರಾಕಿಗಳು ಕೇಳಿದರೆ ಚಿತ್ರವನ್ನೇ ಮೊಬೈಲಿನಲ್ಲಿ ತೋರಿಸುತ್ತೇನೆ. ನನ್ನ ಮುಖ ಬಂದಾಗ ಅವರಿಗಿಂತ ಮೊದಲು ನಾನೇ ನಗುತ್ತೇನೆ. ಕಟಿಂಗ್ ಶಾಪಿನವನು ತನ್ನ ಕನ್ನಡಿಯ ಪಕ್ಕದಲ್ಲಿ ‘ಚಿತ್ರದಲ್ಲಿರುವ ಅಂಗಡಿ’ ಎಂದು ಬೋರ್ಡು ಬರೆಸಿ ಹಾಕಿದ್ದಾನೆ. ಅವನ ಅಂಗಡಿ ಚಿತ್ರದಲ್ಲಿ ಎಲ್ಲೂ ಇಲ್ಲ. ತಕರಾರು ಇನ್ನೂ ಆ ಕಡೆ ಹೋಗಿಲ್ಲ, ಹೋದ ದಿನ ಬೋರ್ಡು ಇಳಿಯುತ್ತದೆ.

ಇಷ್ಟು ವರ್ಷ ನಾನು ಬಡಾಯಿ ಕೊಚ್ಚಿದ್ದು ನಾನು ಗೆಲ್ಲದ ಆಟದ ಬಗ್ಗೆ. ಈಗ ಕೊಚ್ಚುವುದು ನನ್ನ ತಮ್ಮನ ಮಗಳ ಬಗ್ಗೆ, ಅದರ ಪ್ರತಿ ಮಾತಿಗೂ ಆಧಾರವಿದೆ. ಅದಕ್ಕೆ ನಾನು ಅವಳಿಗೆ ಋಣಿ.